ಹತ್ತು ಲಕ್ಷದ ಕೊನೆಯ ಸಸಿ

೧೯೯೮ರ ಮುಂಗಾರಿನಲ್ಲಿ ಜತ್ತ ತಾಲೂಕಿನಲ್ಲಿ ಒಟ್ಟು ಹತ್ತು ಲಕ್ಷ ಸಸಿಗಳನ್ನು ನೆಡಲಾಯಿತು. ಇವುಗಳಲ್ಲಿ ಒಂದನ್ನು ಮಣ್ಣಿನಲ್ಲಿ ನೆಡಲಾಯಿತು.

ಹಸಿರು ಸಮಿತಿಯ ಕಾರಕೂನ ರೇವಪ್ಪ ಲೆಕ್ಕದಲ್ಲಿ ಗಟ್ಟಿಗ. ಬಿಳೂರ, ಕರಜಗಿ, ಮುಚ್ಚಂಡಿ ಮೊದಲಾಗಿ ತಾಲೂಕನ್ನು ಏಳು ವಿಭಾಗ ಮಾಡಿದ್ದರು. ಹತ್ತು ಲಕ್ಷವನ್ನು ಏಳರಿಂದ ಭಾಗಿಸಿದಾಗ ವಿಭಾಗಕ್ಕೆ ೧೪೨೮೫೭ ಬಂತು. ವಾರಕ್ಕೊಂದು ವಿಭಾಗ ಮುಗಿದಂತೆ ಅವನು ಒಟ್ಟು ಸಂಖ್ಯೆಯನ್ನು ಮೇಲೆ ಕಳಿಸುತ್ತ ಹೋದ. ಮೊದಲ ವಾರ ೧೪೨೮೫೭, ಎರಡನೆಯ ವಾರ ೨೮೫೭೧೪, ಮೂರನೆಯ ವಾರ ೪೨೮೫೭೧.

ಸಮಿತಿಯ ಮುಖ್ಯಾಧಿಕಾರಿ ತಮ್ಮಣ್ಣ ಸಾಹೇಬರು ಕನ್ನಡಕ ಏರಿಸಿದರು.

“ರೇವಪ್ಪ, ಅವೇ ಆರು ಅಂಕಿ ಜಾಗಾ ಬದಲಿ ಮಾಡಿ ಕುಂತಾವಲ್ಲೊ. ಖೊಟ್ಟಿ ಲೆಕ್ಕ ಏನಿದು?”

“ಇಲ್ರಿ ಸಾಹೇಬ್ರ. ಗುಣಿಸಿ ನೋಡ್ರಿ.”

ಸಾಹೇಬರು ಗುಣಿಸಿದರು. ನಾಲ್ಕರಿಂದ ಗುಣಿಸಿದರೂ ಅವೇ ಆರು. ಐದರಿಂದ, ಆರರಿಂದ ಗುಣಿಸಿದರೂ ಅವೇ ಆರು, ಒಂದರ ಹಿಂದೊಂದು ಅದೇ ಸಾಲಿನಲ್ಲಿ. ಮೂವತ್ತು ವರ್ಷದ ಸೇವೆಯಲ್ಲಿ ಇಷ್ಟು ಶಿಸ್ತಿನ ಸರಕಾರಿ ಸಂಖ್ಯೆಯನ್ನು ಅವರು ಕಂಡಿರಲಿಲ್ಲ. ಕೂಡಲೇ ಆದೇಶ ಹೊರಬಿತ್ತು: “ಗುಣಾಕಾರವು ಸರಿಯಾಗಿರುವುದರಿಂದ ಸ್ಥಳ ಪರಿಶೀಲನೆಯ ಅಗತ್ಯವಿರುವುದಿಲ್ಲ.”

ರೇವಪ್ಪ ನಿರಾಳವಾದ. ಸ್ಥಳದಲ್ಲಿ ಪರಿಶೀಲಿಸುವಂಥದ್ದು ಏನೂ ಇರಲಿಲ್ಲ.

ಏಳನೆಯ ವಾರ ತೊಡಕಾಯಿತು. ಒಟ್ಟು ೯೯೯೯೯೯ ಬಂತು, ಒಂದು ಕಡಿಮೆ. “ಹತ್ತು ಲಕ್ಷ” ಎಂದು ಫಲಕ ಬರೆಸಿಯಾಗಿತ್ತು. ಮಂತ್ರಿಗಳು ಬರುವ ದಿನವೂ ಗೊತ್ತಾಗಿತ್ತು. ಉಳಿದ ಸಸಿ ಯಾವ ವಿಭಾಗಕ್ಕೂ ಸೇರದ್ದರಿಂದ ಯಾವ ರಜಿಸ್ಟರಿನಲ್ಲೂ ಅದಕ್ಕೆ ಜಾಗವಿರಲಿಲ್ಲ. ಕಾಗದದ ಮೇಲೆ ನೆಡಲು ಬಾರದ ಸಸಿಯನ್ನು ಮಣ್ಣಿನಲ್ಲಿ ನೆಡತಕ್ಕದ್ದು ಎಂದು ಸಮಿತಿ ತೀರ್ಮಾನಿಸಿತು.

ಆದರೆ ನೆಟ್ಟ ಅನುಭವ ಸಮಿತಿಯಲ್ಲಿ ಯಾರಿಗೂ ಇರಲಿಲ್ಲ. ರೇವಪ್ಪ ಬೇವಿನ ಸಸಿ ಹಿಡಿದು ಕರಜಗಿಯ ಹಜರಾಬಿಯ ಅಂಗಳಕ್ಕೆ ಬಂದ. ಮುದುಕಿ ತಗ್ಗು ತೋಡಿ, ಸಸಿ ಹಚ್ಚಿ, ಒಂದು ಕೊಡ ನೀರು ಹಾಕಿದಳು.

“ಉಳಿದವು ಎಲ್ಲಿ ಹಚ್ಚೀರಪ್ಪಾ?”

“ಎಲ್ಲಾ ಕಡೆ ಹಚ್ಚೀವಿ, ಯವ್ವಾ.”

ಹಜರಾಬಿ ಸುತ್ತಲಿನ ಬೋಳು ಗುಡ್ಡಗಳನ್ನು ನೋಡಿದಳು. “ಚಲೋ ಆತು. ನನಗ ಈಗೀಗ ಕಣ್ಣು ಕಾಣೂದಿಲ್ಲ ನೋಡು.”

ನಾಲ್ಕನೆಯ ದಿನ ಅವಳ ಆಡು ಸಸಿಯನ್ನು ಬುಡಸಮೇತ ತಿಂದಿತು. ಮಂತ್ರಿಗಳು ಮರುದಿನವೇ ಬರುವವರಿದ್ದರು. ರೇವಪ್ಪ ಕರಜಗಿಗೆ ಓಡಿ ಬಂದ. ೯೯೯೯೯೯ ಸಸಿ ಇಲ್ಲದಿದ್ದಾಗ ಬಾರದ ಹೆದರಿಕೆ ಒಂದಕ್ಕೆ ಬಂತು.

“ಇನ್ನೊಂದು ಹಚ್ಚಿದರ ಆತಲ್ಲ,” ಎಂದಳು ಹಜರಾಬಿ.

“ಅದು ಹತ್ತು ಲಕ್ಷದ ಒಂದನೇದು ಆಗ್ತೈತಿ, ಯವ್ವಾ. ಅದಕ್ಕ ಮಂಜೂರಿ ಇಲ್ಲ.”

“ಹಂಗಾರ ನಿಮ್ಮ ಸಸಿ ಎಲ್ಲೂ ಹೋಗಿಲ್ಲ ಬಿಡು. ಆಡಿನ ಹೊಟ್ಟ್ಯಾಗ ಐತಿ.”

ರೇವಪ್ಪ ಟಿಪ್ಪಣಿ ಬರೆದ: “ಸಸಿಯು ಸದ್ಯ ಆಡಿನಲ್ಲಿದೆ.” ಸಾಹೇಬರು ಓದಿ, ಸಹಿ ಮಾಡಿದರು. ಮರುದಿನ ತಂತಿಬೇಲಿಯೊಳಗೆ ನಿಂತಿದ್ದ ಆಡಿಗೆ ಮಂತ್ರಿಗಳು ಕೊಡದಿಂದ ನೀರೆರೆದರು. ಆಡು ಮೈ ಕೊಡವಿತು, ಜನ ಚಪ್ಪಾಳೆ ತಟ್ಟಿದರು. ಸಸಿಯ ಪೋಷಣೆಗೆಂದು ಹಜರಾಬಿಗೆ ದಿನಕ್ಕೊಂದು ಹೊರೆ ಮೇವು ಮಂಜೂರಾಯಿತು.

ದೀಪಾವಳಿ ಹೊತ್ತಿಗೆ ಆಡು ಎರಡು ಮರಿ ಹಾಕಿತು. ವರದಿಯಲ್ಲಿ “ಗುರಿ ಮೀರಿದ ಸಾಧನೆ” ಎಂದು ನಮೂದಾಗಿ, ರೇವಪ್ಪನಿಗೆ ಶಾಲು ಹೊದಿಸಿದರು. ಮುಂದಿನ ವರ್ಷದ ಗುರಿ ಹತ್ತು ಲಕ್ಷದ ಎರಡು ಎಂದು ನಿಗದಿಯಾಯಿತು. ಅವನು ಏಳರಿಂದ ಭಾಗಿಸಿದ. ವಿಭಾಗಕ್ಕೆ ಮತ್ತೆ ೧೪೨೮೫೭, ಶೇಷ ಮೂರು.

ಕರಜಗಿಗೆ ಹೋಗಿ ಎಣಿಸಿ ಬಂದ. ಮೂರೂ ಚೆನ್ನಾಗಿ ಮೇಯುತ್ತಿದ್ದವು.