ಮಾವನ ಮೂರು ವರ್ಷದ ಕೂಸು

ದೇವದುರ್ಗದ ನಮ್ಮ ಸೋದರಮಾವ ಮದುವೆಯಾಗಲಿಲ್ಲ, ಅವರಿಗೆ ಮಕ್ಕಳಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬಳಿದ್ದಾಳೆ. ವಯಸ್ಸು ಮೂರು, ನೂರೈವತ್ತು ವರ್ಷದಿಂದ ಮೂರೇ! ತೈಲಚಿತ್ರದೊಳಗಿನ ಕೂಸು. ಕೆಂಪು ಮಖಮಲ್ಲಿನ ಅಂಗಿ, ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು. ನಿಜಾಮರ ಕಾಲದಲ್ಲಿ ಊರು ಬಿಟ್ಟ ಯಾವುದೋ ಸಾಹೇಬರ ಮನೆಯಿಂದ ಮಾವನ ಅಜ್ಜನಿಗೆ ಬಂದದ್ದು. ಯಾರ ಕೂಸೋ, ಬರೆದವರು ಯಾರೋ, ದೇವರಿಗೇ ಗೊತ್ತು.

ಮಾವನ ಕಣ್ಣು ಮಸುಕಾಗುತ್ತ ಬಂದಿದೆ. ಪೂರ್ತಿ ಹೋಗುವುದರೊಳಗೆ ಕೂಸನ್ನು ಒಂದು ಒಳ್ಳೆಯ ಮನೆ ಸೇರಿಸಬೇಕೆಂದು ಅವರ ಹಟ. ಅದಕ್ಕೆ ಬೆಲೆ ಕಟ್ಟಿಸಬೇಕು, ಕಟ್ಟಿಸಲು ಹೊರಬೇಕು, ಹೊರಲು ರಾಯಚೂರಿನಲ್ಲಿ ನಾನಿದ್ದೇನಲ್ಲ! ನಾಲ್ಕು ಸಲ ಹೊತ್ತಿದ್ದೇನೆ. ಚೌಕಟ್ಟು ತೇಗದ್ದು, ಭುಜ ನನ್ನದು. ಬಸ್ಸಿನಲ್ಲಿ ಮೇಲೆ ಇಡುವಂತಿಲ್ಲ, ಕಾಲಬಳಿ ಇಡುವಂತಿಲ್ಲ. ಅರ್ಧ ದಾರಿ ಮಾವನ ತೊಡೆ, ಅರ್ಧ ದಾರಿ ನನ್ನದು. ಗಾಳಿ ತಾಗಬಾರದೆಂದು ಕಿಟಕಿಯನ್ನೂ ಮುಚ್ಚಬೇಕು, ಬರಿಗಾಲಿನ ಕೂಸಲ್ಲವೇ? ಸಿರವಾರದ ಹತ್ತಿರ ಕಂಡಕ್ಟರ್ ಲಗೇಜು ಚೀಟಿ ಹರಿಯಲು ಬಂದ. ಮೂರು ವರ್ಷದವರಿಗೆ ಟಿಕೇಟು ಎಲ್ಲಿಯದು ಎಂದು ಮಾವ ಮಾನ್ವಿ ಬರುವತನಕ ವಾದಿಸಿದರು. ಕಂಡಕ್ಟರ್ ಸೋತ. ಅವನ ಮುಖದಲ್ಲಿ ನನ್ನ ದಣಿವೇ ಕಂಡಿತು.

ಮಾನ್ವಿಯಲ್ಲಿ ಹಳೆಯ ಸಾಮಾನು ಕೂಡಿಸುವ ವಕೀಲರೊಬ್ಬರಿದ್ದಾರೆ. ಅವರು ಚಿತ್ರ ನೋಡುವ ಮೊದಲೇ ಮಾವ ಅವರ ಮನೆ ನೋಡಿದರು. ಹೆಣ್ಣು ಕೊಡುವವರ ಹಾಗೆ ಗೋಡೆ ತಟ್ಟಿದರು, ತೇವವಿದೆಯೇ ಎಂದು ಮೂಸಿದರು, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆಂದು ವಿಚಾರಿಸಿದರು. ಮನೆಯಲ್ಲಿ ಜಗಳ ಹೇಗೆ ಎಂದು ವಕೀಲರ ಹೆಂಡತಿಯನ್ನೇ ಕೇಳಿಬಿಟ್ಟರು! ಕೊಟ್ಟ ಮಂಡಾಳ ಒಗ್ಗರಣೆ ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಎದ್ದರು. ಬೆಲೆ ಹೇಳಲು ಪಾಪ, ವಕೀಲರಿಗೆ ಬಾಯಿ ತೆರೆಯಲೂ ಆಗಲಿಲ್ಲ.

ಕೊನೆಗೆ ಹೈದರಾಬಾದಿನ ಪರಿಣತರೊಬ್ಬರು ರಾಯಚೂರಿಗೆ ಬಂದರು. ಸ್ಟೇಷನ್ ಬಳಿಯ ಲಾಡ್ಜಿನಲ್ಲಿ ಚಿತ್ರವನ್ನು ಮಂಚದ ಮೇಲಿಟ್ಟು, ಭೂತಗನ್ನಡಿ ಹಿಡಿದು ಒಂದು ತಾಸು ನೋಡಿದರು. ಹತ್ತೊಂಬತ್ತನೆಯ ಶತಮಾನದ್ದೇ, ಬರೆದ ಕೈ ಪಳಗಿದ್ದು, ಆದರೆ ಕೆನ್ನೆಯ ಮೇಲೆ ಕಪ್ಪಗೆ ಬೂಷ್ಟು ಕೂತಿದೆ, ತೊಳೆಸಿದರೆ ಬೆಲೆ ಎರಡರಷ್ಟು ಎಂದರು.

ಬೂಷ್ಟು ಎಲ್ಲಿಯದು? ಅಮಾವಾಸ್ಯೆಗೊಮ್ಮೆ ಇಟ್ಟ ದೃಷ್ಟಿಬೊಟ್ಟು! ಮೊದಲು ಮಾವನ ಅಜ್ಜ, ಆಮೇಲೆ ಅವರ ಅಪ್ಪ, ಈಗ ಮಾವ. ಮೂರು ತಲೆಮಾರಿನ ಕಾಡಿಗೆ ಅದು.

"ಅದನ್ನ ತೊಳ್ಯಂಗಿಲ್ರೀ," ಎಂದರು ಮಾವ. "ತೊಗೊಂಡು ಹೋಗಿ ಎಲ್ಲಿ ಇಡ್ತೀರಿ?"

ಗಿರಾಕಿ ಸಿಗುವತನಕ ಗೋದಾಮಿನಲ್ಲಿ ಎಂದರು ಅವರು. ಮಾವ ಕೂಸಿಗೆ ಹಳೆಯ ಧೋತರ ಸುತ್ತಿದರು. ಅಂದರೆ ನಾನು ಮತ್ತೆ ಹೊರಬೇಕು!

ಬಸ್ ನಿಲ್ದಾಣದಲ್ಲಿ ನನ್ನ ತಾಳ್ಮೆ ಮುಗಿಯಿತು. ಇನ್ನು ನನ್ನಿಂದಾಗದು, ಇಷ್ಟು ಜನರಲ್ಲಿ ಒಬ್ಬರೂ ನಿಮಗೆ ಹಿಡಿಸಲಿಲ್ಲವೇ ಎಂದು ಸಿಡುಕಿದೆ.

"ಒಬ್ಬಾಂವ ಹಿಡಿಸ್ಯಾನ," ಎಂದರು. "ಈ ಸಲ ದೇವದುರ್ಗಕ್ಕ ಬ್ಯಾಡ. ನಿನ್ನ ಮನ್ಯಾಗ ಇರಲಿ. ನಾಕು ಸಲ ಬೈಕೋಂತ ಹೊತ್ತೀದಿ, ಖರೆ. ಒಮ್ಮೆನೂ ನೆಲಕ್ಕ ಇಳಿಸಿಲ್ಲ."

ಅದು ಪ್ರೀತಿಯಲ್ಲ, ನಿಮ್ಮ ಬೈಗುಳದ ಹೆದರಿಕೆ ಎನ್ನಬೇಕೆಂದುಕೊಂಡೆ. ಪಕ್ಕದಲ್ಲಿ ಕಲ್ಲುಬೆಂಚು ಖಾಲಿ ಇತ್ತು. ನಾನು ಮಾತ್ರ ಕೂಸನ್ನು ತೋಳಿನಲ್ಲೇ ಹಿಡಿದು ನಿಂತಿದ್ದೆ.

ಬಸ್ಸು ಬಂತು. ಮಾವ ಕಿಟಕಿಯ ಬಳಿ ಕೂತರು. ತೊಡೆ ಖಾಲಿ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಮುಂದಿನ ಸೀಟಿನ ಕಂಬಿಯ ಮೇಲೆ ಇಟ್ಟರು. ಬಸ್ಸು ಹೊರಟಾಗ ಕಣ್ಣು ಕಿರಿದು ಮಾಡಿ ಹೊರಗೆ ಹುಡುಕಿದರು. ಹುಡುಕಿದ್ದು ನನ್ನನ್ನಲ್ಲ. ನಾನು ಧೋತರ ಸರಿಸಿ ಕೂಸಿನ ಮುಖವನ್ನು ಮೇಲೆತ್ತಿ ತೋರಿಸಿದೆ. ಎಷ್ಟು ಕಂಡಿತೋ ಗೊತ್ತಿಲ್ಲ, ಮಾವ ಕೈ ಬೀಸಿದರು.