ಗಂಟೆಯಣ್ಣನ ಕೈಚೀಲ

ಬೆಳ್ಳುಳ್ಳಿ ಜಜ್ಜುತ್ತಿದ್ದ ಹೆಂಡತಿಯ ಕೈಯಿಂದ ಗಂಟೆಯಣ್ಣ ಆ ಕಬ್ಬಿಣದ ಗುಂಡನ್ನು ಕಿತ್ತುಕೊಂಡಾಗ ಬೆಳಿಗ್ಗೆ ಏಳು ಗಂಟೆ. ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ.

“ಅಯ್ಯೋ, ಇನ್ನೂ ನಾಲ್ಕು ಎಸಳಿದೆ ಕಣ್ರೀ!”

“ಎಂಟು ವರ್ಷ ಜಜ್ಜಿದ್ದು ಸಾಕು. ಇವತ್ತು ಇದು ತನ್ನ ಜಾಗಕ್ಕೆ ಹೋಗುತ್ತೆ.”

“ಹೋಗ್ಲಿ ಬಿಡಿ. ನಾಳೆಯಿಂದ ನಿಮ್ಮ ತಲೆಯಲ್ಲೇ ಜಜ್ಕೋತೀನಿ.”

ಗೇಣುದ್ದದ ಸಲಾಕೆ, ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಮುಷ್ಟಿ ಗಾತ್ರದ ಗುಂಡು. ಅದು ಬೆಳ್ಳುಳ್ಳಿ ಜಜ್ಜಲೆಂದೇ ಹುಟ್ಟಿದ್ದು ಎಂದು ಯಾರಾದರೂ ಆಣೆ ಮಾಡಿ ಹೇಳುತ್ತಿದ್ದರು. ಆದರೆ ಅದು ಗಂಟೆಯ ನಾಲಿಗೆ. ಊರಿನ ಹಳೆಯ ಶಾಲೆಯ ಜಗಲಿಯಲ್ಲಿ ತೂಗುತ್ತಿದ್ದ ಕಂಚಿನ ದೊಡ್ಡ ಗಂಟೆಯೊಳಗೆ ನೇತಾಡಿಕೊಂಡು, ಮೂವತ್ತೊಂದು ವರ್ಷ ಜವಾನ ಗಂಟೆಯಣ್ಣನ ಕೈಯಲ್ಲಿ ಮಾತಾಡಿದ್ದು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಸಂಬಳದ ಪಟ್ಟಿಯ ಹೊರಗೆ ಯಾರೂ ಬಳಸಿದ್ದಿಲ್ಲ.

ಒಂದು ಏಟು ಎಂದರೆ ಪಿರಿಯಡ್ಡು ಮುಗಿಯಿತು. ಮೂರು ಏಟು ಎಂದರೆ ಊಟ. ನಾಲ್ಕೂ ಹತ್ತಕ್ಕೆ ಲಾಂಗ್ ಬೆಲ್. ಅದು ಶುರುವಾಯಿತೆಂದರೆ ಅರ್ಧ ಬರೆದ ಅಕ್ಷರವನ್ನೂ ಮಕ್ಕಳು ಪೂರ್ತಿ ಮಾಡುತ್ತಿರಲಿಲ್ಲ. ಹೆಡ್‌ಮಾಸ್ತರರಿಗೆ ಭಾಷಣದ ಹುಚ್ಚು. ಮೂರೂವರೆಗೆ ಮಕ್ಕಳನ್ನು ಅಂಗಳದಲ್ಲಿ ಕೂರಿಸಿಕೊಂಡು ಶಿಸ್ತಿನ ಬಗ್ಗೆ ಶುರು ಮಾಡಿದರೆ ಅವರನ್ನು ನಿಲ್ಲಿಸುವ ಶಕ್ತಿ ಆ ಗಂಟೆಯೊಂದಕ್ಕೇ ಇತ್ತು. “ಆದ್ದರಿಂದ ಮಕ್ಕಳೇ” ಎಂದು ಅವರು ಕೈ ಎತ್ತುವಷ್ಟರಲ್ಲಿ ಢಣಢಣ ಎನ್ನುತ್ತಿತ್ತು, ಅಂಗಳದಲ್ಲಿ ಧೂಳು ಮಾತ್ರ ಉಳಿಯುತ್ತಿತ್ತು. ಅವರ ಯಾವ ಭಾಷಣವೂ ಕೊನೆ ಕಂಡಿರಲಿಲ್ಲ.

ಎಂಟು ವರ್ಷದ ಹಿಂದೆ ಶಾಲೆಗೆ ಕರೆಂಟಿನ ಬಜರ್ ಬಂತು. ಗುಂಡಿ ಒತ್ತಿದರೆ ಸಾಕು, ನೆಗಡಿಯಾದ ಕತ್ತೆಯ ಹಾಗೆ ಅರಚುತ್ತಿತ್ತು. ಗಂಟೆಯಣ್ಣನ ನಿವೃತ್ತಿಗೆ ಆಗ ಒಂದೇ ದಿನ ಬಾಕಿ. ಆ ಸಂಜೆ ಎಲ್ಲರೂ ಹೋದಮೇಲೆ ಏಣಿ ಹತ್ತಿ, ಕೊಕ್ಕೆ ಬಿಚ್ಚಿ, ನಾಲಿಗೆಯನ್ನು ಛತ್ರಿಯೊಳಗೆ ಇಳಿಸಿಕೊಂಡು ಮನೆಗೆ ಬಂದ. ಮರುದಿನ, ವಯಸ್ಸು ಮೀರಿದರೂ ಆಡಳಿತ ಮಂಡಳಿ ಉಳಿಸಿಕೊಂಡಿದ್ದ ಹೆಡ್‌ಮಾಸ್ತರರು “ಎಲ್ಲಿ ಹೋಯ್ತೋ ಇದು?” ಎಂದು ಕೇಳಿದಾಗ, “ಗುಜರಿಯವನು ಬಂದಿದ್ದ ಸಾರ್” ಎಂದುಬಿಟ್ಟ. ಮೂವತ್ತೊಂದು ವರ್ಷದಲ್ಲಿ ಅವರ ಮುಖ ನೋಡಿ ಹೇಳಿದ ಒಂದೇ ಸುಳ್ಳು ಅದು. ಅಂದಿನಿಂದ ಗುಜರಿಯವನು ಬೀದಿಯಲ್ಲಿ ಕೂಗಿದಾಗಲೆಲ್ಲ ಗಂಟೆಯಣ್ಣ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಲ್ಲುತ್ತಿದ್ದ.

ಈಗ ಹಳೆಯ ಶಾಲೆಯನ್ನು ಕೆಡವಿಯಾಗಿತ್ತು. ರಾಜಧಾನಿಯಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಗಂಟೆಯನ್ನು ಕೊಂಡೊಯ್ದು ತಮ್ಮ ಸಂಘದ ಸಭಾಂಗಣದಲ್ಲಿ ತೂಗುಹಾಕಿದ್ದರು. “ನಾಲಿಗೆ ಹೇಗೂ ಕಳೆದುಹೋಗಿದೆ, ಸುತ್ತಿಗೆಯಲ್ಲಾದರೂ ಒಂದು ಏಟು ನೀವೇ ಹೊಡೀಬೇಕು” ಎಂದು ಗಂಟೆಯಣ್ಣನಿಗೆ ವಿಮಾನದ ಟಿಕೆಟ್ಟು ಕಳಿಸಿದ್ದರು. ವೇದಿಕೆಯ ಮೇಲೆ ಕುರ್ಚಿ, ಐದು ನಿಮಿಷ ಮಾತು. ಈಗ ಅಲ್ಲೇ ಮಗನ ಮನೆಯಲ್ಲಿದ್ದ ಎಂಬತ್ತೆರಡು ವರ್ಷದ ಹೆಡ್‌ಮಾಸ್ತರರೂ ಬರುವವರಿದ್ದರು. ಅವರೆದುರು ನಿಜ ಹೇಳಿ ಹಗುರಾಗಬೇಕೆಂದು ಗಂಟೆಯಣ್ಣ ಹನ್ನೊಂದು ದಿನ ಕೂತು ಒಂದು ಹಾಳೆ ಬರೆದಿದ್ದ. ಈ ಅವಕಾಶ ತಪ್ಪಿದರೆ ಇನ್ನೊಂದು ಸಿಗುವ ವಯಸ್ಸು ಇಬ್ಬರದೂ ಅಲ್ಲ.

ಎಂಟಕ್ಕೆ ಪಕ್ಕದ ಮನೆಯ ವಿಮಾನದ ಮಾವ ಬಂದರು. ಬೀದಿಯಲ್ಲಿ ಎರಡು ಸಲ ವಿಮಾನ ಹತ್ತಿದವರು ಅವರೊಬ್ಬರೇ. ಎರಡನೆಯ ಸಲ ಅವರ ಪೆಟ್ಟಿಗೆ ಮೂರು ದಿನ ತಡವಾಗಿ ಬಂದಿತ್ತು. ಹಾಗಾಗಿ ಅವರ ಮಾತಿಗೆ ಅನುಭವದ ತೂಕವಿತ್ತು.

“ಬೆಲ್ಟು ಬಿಚ್ಚು ಮೊದ್ಲು. ಅಲ್ಲಿ ಬಿಚ್ಚಿಸ್ತಾರೆ, ಹಾಕ್ಕೊಳ್ಳೋಕೆ ಟೈಮು ಕೊಡಲ್ಲ. ಒಂದು ಲಾಡಿ ಕಟ್ಕೋ. ಆಮೇಲೆ ಮುಖ್ಯವಾದ ಸಾಮಾನು ಯಾವುದನ್ನೂ ಅವರ ಕೈಗೆ ಕೊಡಬೇಡ. ನೀನೊಂದು ಕಡೆ, ಅದೊಂದು ದೇಶಕ್ಕೆ. ಕೈಚೀಲದಲ್ಲೇ ಇಟ್ಕೋ.”

“ಇದು ಕಬ್ಬಿಣ ಮಾವ, ಬಿಡ್ತಾರಾ?”

“ಚೂಪಾಗಿದೆಯಾ? ಇಲ್ಲ. ಮತ್ತೇನು? ದುಂಡಗಿರೋದಕ್ಕೆಲ್ಲ ಅವರು ತಲೆ ಕೆಡಿಸ್ಕೊಳ್ಳಲ್ಲ.”

ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತಾಗ ಗಂಟೆಯಣ್ಣನಿಗೆ ತನ್ನ ಮೊದಲ ಬಸ್ ಪ್ರಯಾಣ ನೆನಪಾಯಿತು. ಅಮ್ಮನ ತವರಿಗೆ ಹೊರಟದ್ದು, ತಗಡಿನ ಟ್ರಂಕಿನ ಮೇಲೆ ಕೂತು. ಆಗಲೂ ತಪಾಸಣೆ ಇತ್ತು. ಪಕ್ಕದಲ್ಲಿ ಕೂತ ಅಜ್ಜಿ, “ಯಾರ ಮನೆಯವರು? ಎಲ್ಲಿಗೆ? ಟ್ರಂಕಲ್ಲೇನು? ಎಷ್ಟು ದಿನ?” ಎಂದು ಒಂದೇ ಉಸಿರಿನಲ್ಲಿ ಕೇಳಿಬಿಟ್ಟಿದ್ದಳು. ಉತ್ತರ ಸರಿಹೋದಮೇಲೆ ಮಡಿಲಿನಿಂದ ಒಂದು ಪೇರಳೆಹಣ್ಣು ತೆಗೆದು ಕೊಟ್ಟಿದ್ದಳು. ಅಷ್ಟು ಗಟ್ಟಿಯಾದ ತಪಾಸಣೆಯನ್ನು ಯಾವ ಯಂತ್ರವೂ ಮಾಡಲಾರದು ಎಂದು ಗಂಟೆಯಣ್ಣನಿಗೆ ಈಗಲೂ ಅನಿಸುತ್ತದೆ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ತಟ್ಟೆಯಲ್ಲಿಟ್ಟು, ತೂತುಬಿದ್ದ ಕಾಲುಚೀಲವನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಂಡು ನಿಂತಿದ್ದರು.

ಚೀಲ ಯಂತ್ರದೊಳಗೆ ಹೋಯಿತು. ಹಿಂದಕ್ಕೆ ಬಂತು. ಮತ್ತೆ ಹೋಯಿತು. ಯಂತ್ರ ನಿಂತಿತು.

ಸಮವಸ್ತ್ರದ ಹೆಂಗಸೊಬ್ಬಳು ಚೀಲದಿಂದ ಅದನ್ನು ಎರಡು ಬೆರಳಲ್ಲಿ ಎತ್ತಿದಳು. ಮೂಸಿದಳು. ಮುಖ ಆ ಕಡೆ ತಿರುಗಿಸಿದಳು.

“ಇದೇನ್ರೀ?”

“ನಾಲಿಗೆ, ಮೇಡಂ.”

“ಏನು?”

“ಗಂಟೆ ಒಳಗೆ ಇರುತ್ತಲ್ಲ, ಢಣ್ ಅಂತ ಹೊಡಿಯೋದು. ವಾಸನೆ ಬೆಳ್ಳುಳ್ಳಿದು. ಮನೆಯವಳು...”

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಕೈಯಲ್ಲಿದ್ದ ಕಬ್ಬಿಣ ಮೆಲ್ಲಗೆ ಕೆಳಗಿಳಿಯಿತು.

“ನೀವು ಗಂಟೆಯಣ್ಣ ಅಲ್ವಾ?”

ಗಂಟೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಊರಿನಲ್ಲಿ ಅವನ ಗಂಟೆ ಕೇಳದೆ ಬೆಳೆದವರು ಕಡಿಮೆ. “ಹೌದಮ್ಮ! ನೀನು ಯಾವ ಬ್ಯಾಚು?”

“ಒಳಗಿದ್ದರೆ ತಾನೇ ಬ್ಯಾಚು? ನಾನು ಗೇಟಿನ ಹೊರಗೆ ನಿಂತೇ ಓದಿದವಳು. ದಿನಾ ಬಸ್ಸು ತಡ. ಅರ್ಧ ನಿಮಿಷ ಅಣ್ಣ, ಅರ್ಧ ನಿಮಿಷ ಅಂತ ಅಳ್ತಿದ್ದೆ. ನೀವು ಗೇಟು ಹಾಕಿ ಏನನ್ನುತ್ತಿದ್ರಿ, ನೆನಪಿದೆಯಾ?”

ಗಂಟೆಯಣ್ಣನಿಗೆ ಚೆನ್ನಾಗಿ ನೆನಪಿತ್ತು. ಆದರೂ ಕೆಮ್ಮಿದ.

“ನಿಯಮ ನನ್ನದಲ್ಲ ಮಗೂ, ಗಂಟೆಯದು ಅಂತಿದ್ರಿ.” ಅವಳು ನಾಲಿಗೆಯನ್ನು ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟಳು. “ಈಗ ಕೇಳಿ. ನಿಯಮ ನನ್ನದಲ್ಲ ಅಣ್ಣ, ಮಶೀನಿಂದು. ಇದರಿಂದ ಒಬ್ಬರ ತಲೆ ಒಡೀಬಹುದು. ಕೆಳಗಡೆ ಕೌಂಟರಿನಲ್ಲಿ ಚೀಲ ಕೊಟ್ಟು ಬನ್ನಿ, ವಿಮಾನದ ಹೊಟ್ಟೆಯಲ್ಲಿ ಹಾಕ್ತಾರೆ. ಓಡಿ, ಗೇಟು ಮುಚ್ಚೋಕೆ ಹದಿನೆಂಟು ನಿಮಿಷ ಇದೆ.”

ಗಂಟೆಯಣ್ಣ ಬರೆದ ಹಾಳೆಯನ್ನು ಜೇಬಿಗೆ ತುರುಕಿಕೊಂಡು ಓಡಿದ. ಅರವತ್ತೆಂಟರ ಕಾಲು, ಬರಿಗಾಲು ಬೇರೆ, ಬೂಟು ತಟ್ಟೆಯಲ್ಲೇ ಉಳಿದಿತ್ತು. ಮೆಟ್ಟಿಲ ಮೇಲೆ ವಿಮಾನದ ಮಾವನ ಲಾಡಿ ಕೈಕೊಟ್ಟಿತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಕೌಂಟರಿಗೆ ಬಂದವನನ್ನು ಅಲ್ಲಿನ ಹುಡುಗಿ “ಒಡೆಯೋ ಸಾಮಾನೇನಾದ್ರೂ ಇದೆಯಾ?” ಎಂದು ಕೇಳಿದಳು. “ಬೇರೆಯವರ ತಲೆ ಬಿಟ್ರೆ ಏನೂ ಒಡಿಯಲ್ವಂತೆ” ಎಂದು ಹೇಳಿದ್ದಕ್ಕೆ ಇನ್ನೂ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕಾಯಿತು.

ವಾಪಸ್ ಬಂದಾಗ ಅವಳು ಸಾಲಿನ ಹಗ್ಗ ಹಿಡಿದು ನಿಂತಿದ್ದಳು. ಅವನು ಏದುಸಿರು ಬಿಡುತ್ತ ನಿಂತ. ಅವಳು ಹಗ್ಗ ಬಿಚ್ಚಲಿಲ್ಲ, ಕೈಗಡಿಯಾರವನ್ನೇ ನೋಡುತ್ತಿದ್ದಳು.

“ಬಿಡಮ್ಮಾ, ಮುಚ್ಚಿಬಿಡ್ತಾರೆ!”

“ಅರ್ಧ ನಿಮಿಷ ಅಣ್ಣ.”

ಮೂವತ್ತು ಸೆಕೆಂಡು ಸರಿಯಾಗಿ ಆದಮೇಲೆ ಹಗ್ಗ ಬಿಚ್ಚಿದಳು. ಅವಳ ಕಣ್ಣಂಚು ಒದ್ದೆಯಾಗಿತ್ತು, ಬಾಯಿ ಮಾತ್ರ ನಗುತ್ತಿತ್ತು. ತಾನೇ ಬಗ್ಗಿ ಅವನ ಬೂಟುಗಳನ್ನು ಕಾಲ ಬಳಿ ಇಟ್ಟು, “ನನ್ನ ಪರವಾಗಿಯೂ ಒಂದು ಏಟು ಹೊಡೀರಿ” ಎಂದಳು. ಆ ಹುಡುಗಿಗಾಗಿ ಒಂದು ದಿನವಾದರೂ ಗೇಟು ತೆರೆದಿಡಬಹುದಿತ್ತು ಎಂದು ಗಂಟೆಯಣ್ಣನಿಗೆ ವಿಮಾನ ಪ್ರಯಾಣದ ಉದ್ದಕ್ಕೂ ಅನಿಸುತ್ತಲೇ ಇತ್ತು.

ಸಭಾಂಗಣ ತುಂಬಿತ್ತು. ನರೆತ ತಲೆ, ಬೋಳು ತಲೆ, ಬಣ್ಣ ಹಚ್ಚಿದ ತಲೆ. ಡಾಕ್ಟರುಗಳು, ಬ್ಯಾಂಕಿನವರು, ಮೊಮ್ಮಕ್ಕಳನ್ನು ಕಂಡವರು. ಗಂಟೆಯಣ್ಣ ಚೀಲದಿಂದ ನಾಲಿಗೆಯನ್ನು ತೆಗೆದಾಗ ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಎಲ್ಲಿ ಸಿಕ್ಕಿತು ಎಂದು ಕಾರ್ಯದರ್ಶಿ ಕೇಳಿದರೆ, “ಅದನ್ನೇ ಹೇಳೋಕೆ ಬಂದಿದೀನಿ” ಎಂದು ಜೇಬು ಮುಟ್ಟಿಕೊಂಡ. ಏಣಿ ತರಿಸಿ, ಕೊಕ್ಕೆ ಸಿಕ್ಕಿಸಿ, ಹಗ್ಗ ಕಟ್ಟಿದ. ಮೊದಲ ಸಾಲಿನಲ್ಲಿ ಹೆಡ್‌ಮಾಸ್ತರರು ಕೋಲೂರಿ ಕೂತಿದ್ದರು. ತೊಡೆಯ ಮೇಲೆ ದಪ್ಪನೆಯ ಹಾಳೆಗಳ ಕಟ್ಟು.

ಕಾರ್ಯಕ್ರಮ ಹೀಗೆಂದು ಹೇಳಿದರು: ಮೊದಲು ಗಂಟೆಯಣ್ಣ ಒಂದು ಏಟು ಹೊಡೆಯುವುದು, ಬಳಿಕ ಅವನ ಐದು ನಿಮಿಷ, ಆಮೇಲೆ ಹೆಡ್‌ಮಾಸ್ತರರ ಭಾಷಣ. ಆದರೆ ಕಾರ್ಯದರ್ಶಿಯ ಸ್ವಾಗತವೇ ಉದ್ದವಾಯಿತು. ಕೊನೆಗೂ ಕರೆದಾಗ ಗಂಟೆಯಣ್ಣ ಎದ್ದು ಹಗ್ಗ ಹಿಡಿದ. ಅಂಗೈಗೆ ಆ ಹಗ್ಗದ ಒರಟು ತಾಗಿದ್ದೇ ತಡ, ಎಂಟು ವರ್ಷ ಎಲ್ಲೋ ಸರಿದುಹೋಯಿತು. ಸೀಮೆಸುಣ್ಣದ ವಾಸನೆ, ಬೆಂಚು ಎಳೆಯುವ ಸದ್ದು, ಜಗಲಿಯ ಬಿಸಿಲು ಎಲ್ಲವೂ ಹಾಗೆಯೇ ಬಂದು ನಿಂತವು. ಅಭ್ಯಾಸದಂತೆ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು.

ನಾಲ್ಕೂ ಹತ್ತು.

ಕೈ ಅವನನ್ನು ಕೇಳಲೇ ಇಲ್ಲ. ಢಣಢಣಢಣಢಣ! ಒಂದು ಏಟಿನ ಬದಲು ಲಾಂಗ್ ಬೆಲ್, ಪೂರ್ತಿ ಲಾಂಗ್ ಬೆಲ್.

ಒಂದು ಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ “ಹೋ!” ಎಂದೊಂದು ಕೂಗು ಎದ್ದಿತು. ಮುನ್ನೂರು ಜನ ಒಟ್ಟಿಗೆ ಎದ್ದರು. ಮಂಡಿನೋವಿನವರು, ಕೋಲಿನವರು, ನಿನ್ನೆಯಷ್ಟೇ ಹಲ್ಲುಸೆಟ್ಟು ಹಾಕಿಸಿಕೊಂಡವರು, ಎಲ್ಲರೂ ಬಾಗಿಲಿಗೆ ನುಗ್ಗಿದರು. ದಂತವೈದ್ಯರೊಬ್ಬರು ಕಿಟಕಿ ಹಾರಿದರು, ಅವರು ಆಗಲೂ ಕಿಟಕಿಯಿಂದಲೇ ಹೋಗುತ್ತಿದ್ದವರು. ಕಾರ್ಯದರ್ಶಿ “ಮಹನೀಯರೇ, ಮಹನೀಯರೇ” ಎನ್ನುತ್ತಲೇ ಮೈಕು ಬಿಟ್ಟು ತಾವೂ ಓಡಿದರು. ಹೊರಗೆ ಅಂಗಳದಲ್ಲಿ ನಗು, ಬೆನ್ನಿಗೆ ಗುದ್ದುವ ಸದ್ದು, ಹಳೆಯ ಅಡ್ಡಹೆಸರುಗಳ ಕೂಗಾಟ. ಕಾಫಿ ತಿಂಡಿಯೂ ಅಲ್ಲೇ ಇತ್ತು. ಯಾರೂ ಒಳಗೆ ಬರುವ ಲಕ್ಷಣ ಕಾಣಲಿಲ್ಲ.

ಸಭಾಂಗಣದಲ್ಲಿ ಉಳಿದವರು ಇಬ್ಬರೇ. ಗಂಟೆಯಣ್ಣ ಹಾಳೆ ಹಿಡಿದುಕೊಂಡು ಹೆಡ್‌ಮಾಸ್ತರರ ಎದುರು ಬಂದು ನಿಂತ.

“ಸಾರ್, ಅವತ್ತು ಗುಜರಿಯವನು ಅಲ್ಲ. ನಾನೇ...”

“ಛತ್ರಿಯಲ್ಲಿ ಇಟ್ಕೊಂಡು ಹೋದೆ. ನನ್ನ ಕಿಟಕಿಯಿಂದ ಕಾಣ್ತಿತ್ತು ಕಣೋ. ಮಳೆಯಿಲ್ಲ, ಮೋಡವಿಲ್ಲ, ಛತ್ರಿ ಹೊತ್ತು ಯಾವನು ನಡೀತಾನೆ?”

“ಮತ್ತೆ ಗುಜರಿಯವನು?”

“ಅವನಿಗೆ ಅವತ್ತೇ ಹೇಳಿದೆ. ಇಬ್ಬರೂ ಕೂತು ನಕ್ಕೆವು. ಗಂಟೆ ಹೋದ ಗಂಟೆಯಣ್ಣನ ಹತ್ರ ಅಷ್ಟಾದರೂ ಇರಲಿ ಬಿಡಿ ಸಾರ್ ಅಂದ ಅವನೇ.”

ಗಂಟೆಯಣ್ಣ ಅಲ್ಲೇ ಕುರ್ಚಿಯಲ್ಲಿ ಕುಸಿದ. ಎಂಟು ವರ್ಷ ಬಚ್ಚಲಿನಲ್ಲಿ ಸುಮ್ಮನೆ ಹರಿದ ನೀರೆಲ್ಲ ಕಣ್ಣಿಗೆ ಬಂತು. ಎದೆ ಹತ್ತಿಯಷ್ಟು ಹಗುರಾಯಿತು. ಹೆಡ್‌ಮಾಸ್ತರರು ಮಾತ್ರ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು. ಅವರ ಮುಖ ಕೆಂಪಗಾಗುತ್ತ ಬಂತು.

“ಇಪ್ಪತ್ತೆರಡು ಪುಟ ಬರ್ಕೊಂಡು ಬಂದಿದ್ದೆ. ಶಿಸ್ತಿನ ಬಗ್ಗೆ. ಈ ಜನ್ಮದಲ್ಲಿ ಒಂದಾದರೂ ಪೂರ್ತಿ ಮಾಡೋಣ ಅಂತಿದ್ದೆ.” ಅವರು ಕೋಲೆತ್ತಿ ಗಂಟೆಯ ಕಡೆ ತೋರಿಸಿದರು. “ಏಣಿ ಹತ್ತು. ಬಿಚ್ಚು ಅದನ್ನ. ನಾನಿರೋ ಊರಲ್ಲಿ ಅದು ಇರಕೂಡದು. ತಂದ ಹಾಗೇ ಮನೆಗೆ ತಗೊಂಡು ಹೋಗು!”

“ಸಾರ್, ಅಷ್ಟು ಕಷ್ಟಪಟ್ಟು ತಂದಿದೀನಿ...”

“ಬೆಳ್ಳುಳ್ಳಿ ವಾಸನೆ ಬೇರೆ. ತಗೊಂಡು ಹೋಗು.”

ಸಂಜೆ ಆರಕ್ಕೆ ಗಂಟೆಯಣ್ಣ ಮತ್ತೆ ತಪಾಸಣೆಯ ಸಾಲಿನಲ್ಲಿದ್ದ. ಫೋನಿನಲ್ಲಿ ವಿಷಯ ತಿಳಿದ ಹೆಂಡತಿ “ಸದ್ಯ, ನಿಮ್ಮ ತಲೆ ಉಳೀತು” ಎಂದು ಖುಷಿಪಟ್ಟಿದ್ದಳು. ಮನಸ್ಸು ಎಷ್ಟು ಹಗುರಾಗಿತ್ತೆಂದರೆ ಚೀಲವನ್ನು ಕೌಂಟರಿನಲ್ಲಿ ಕೊಡಬೇಕೆಂಬುದೇ ಮರೆತುಹೋಗಿತ್ತು. ಅದು ಯಂತ್ರದೊಳಗೆ ಹೋಯಿತು. ಹಿಂದಕ್ಕೆ ಬಂತು. ಮತ್ತೆ ಹೋಯಿತು.

ಪರಿಚಯವಿಲ್ಲದ ಅಧಿಕಾರಿಯೊಬ್ಬ ನಾಲಿಗೆಯನ್ನು ಎತ್ತಿ ಹಿಡಿದು ಮೂಸಿದ.

“ಇದೇನು ಯಜಮಾನ್ರೇ? ಎಲ್ಲಿಂದ ಬಂತು? ಸರಿಯಾಗಿ ಹೇಳಿ.”

ಗಂಟೆಯಣ್ಣ ತಲೆಯೆತ್ತಿ ಸುತ್ತ ನೋಡಿದ. ಹಿಂದೆ ನಲವತ್ತು ಜನರ ಸಾಲು. ಎಲ್ಲರ ಬೂಟುಗಳೂ ತಟ್ಟೆಯಲ್ಲಿ, ಬೆಲ್ಟುಗಳೂ ತಟ್ಟೆಯಲ್ಲಿ. ಬೇಕೆಂದರೂ ಯಾರೂ ಎಲ್ಲಿಗೂ ಓಡುವಂತಿರಲಿಲ್ಲ. ಅವನ ಮುಖ ಅರಳಿತು. ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಕನ್ನಡಕ ಏರಿಸಿಕೊಂಡ.

“ಐದೇ ನಿಮಿಷ ತಮ್ಮಾ. ಎಲ್ಲ ಬರ್ಕೊಂಡು ಬಂದಿದೀನಿ. ಮಾನ್ಯ ಹೆಡ್‌ಮಾಸ್ತರರೇ, ಮತ್ತು ಪ್ರೀತಿಯ ಮಕ್ಕಳೇ...”

ಮೇಲೆ ಮೈಕಿನಲ್ಲಿ ಅವನ ವಿಮಾನದ ಕೊನೆಯ ಕರೆ ಕೂಗುತ್ತಿದ್ದರು. ಅದು ಲಾಂಗ್ ಬೆಲ್ ಅಲ್ಲವಾದ್ದರಿಂದ ಗಂಟೆಯಣ್ಣ ಓದು ನಿಲ್ಲಿಸಲಿಲ್ಲ.