ಹೆಸರು ಹಿಡಿದು ಕೂಗುವ ಪ್ಯಾನೆಲ್ ಮಹಾಶಯರಿಗೆ ಪಿರೋಗಿಯವಳ ದೂರು

ಸನ್ಮಾನ್ಯ ಬೆಂಕಿ ಎಚ್ಚರಿಕೆ ಪ್ಯಾನೆಲ್ ಅವರಿಗೆ,
ಹಜಾರದ ಗೋಡೆ, ಥೋರ್ಲಾಕ್ಸನ್ ಕಟ್ಟಡ, ಸೆಲ್ಕರ್ಕ್ ಬೀದಿ, ವಿನ್ನಿಪೆಗ್.

ಮಾನ್ಯರೇ,

ಕೆಂಪು ಕವಚದಿಂದಲೂ ಹಸಿರು ದೀಪದಿಂದಲೂ ಶೋಭಿಸುತ್ತಿರುವ ತಮಗೆ, ಇದೇ ಕಟ್ಟಡದ ಕೆಳ ಅಂತಸ್ತಿನಲ್ಲಿ ಆಲೂಗಡ್ಡೆ ತುಂಬಿದ, ಕಡುಬಿನಂಥ ಪಿರೋಗಿ ಬೇಯಿಸಿ, ಈರುಳ್ಳಿ ಹುರಿದು ಹಾಕಿ ಮಾರುವ ಓರೀಸ್ಯಾ ದಾನಿಲ್ಚುಕ್ ಎಂಬ ನನ್ನ ವಿನಯಪೂರ್ವಕ ವಂದನೆಗಳು. ಊಟ ಕೇಳದೆ, ರಜೆ ಕೇಳದೆ, ಕರೆಂಟು ಹೋದರೂ ಬ್ಯಾಟರಿಯ ಬಲದಿಂದ ಕರ್ತವ್ಯ ಬಿಡದ ತಮ್ಮಂಥವರ ಮೇಲೆ ದೂರು ಬರೆಯುವುದಕ್ಕೆ ನನಗೆ ಸಂಕೋಚವಾಗುತ್ತದೆಯಾದರೂ, ಬರೆಯದೆ ಇದ್ದರೆ ಹೊಟ್ಟೆ ಉಬ್ಬುತ್ತದೆ.

ತಮಗಿಂತ ಮುಂಚೆ ಆ ಗೋಡೆಯ ಮೇಲಿದ್ದ ಹಳೆಯ ಪ್ಯಾನೆಲ್ ಬಹಳ ನಾಜೂಕಿನ ಸ್ವಭಾವದ್ದು. ಹೊಗೆ ಎಲ್ಲಿಂದಲೇ ಬರಲಿ, ‘ಕೆಳ ಅಂತಸ್ತು’ ಎಂಬ ಒಂದೇ ದೀಪ ಹೊತ್ತಿಸಿ, ಕಟ್ಟಡ ಅದುರುವಂತೆ ಕೂಗಿ, ಉಳಿದದ್ದನ್ನು ಜನರ ಊಹೆಗೆ ಬಿಡುತ್ತಿತ್ತು. ಕೆಳ ಅಂತಸ್ತಿನಲ್ಲಿರುವುದು ನನ್ನ ಅಡುಗೆಮನೆ, ಕಟ್ಟಡದ ಮಾಲೀಕರಾದ ಹ್ಯಾಲ್ಡರ್ ಥೋರ್ಲಾಕ್ಸನ್ನರ ಕಚೇರಿ ಮತ್ತು ಅವರ ಸಾಮಾನಿನ ಕೋಣೆ ಮಾತ್ರವಾದ್ದರಿಂದ ಊಹೆಗೆ ಹೆಚ್ಚು ಆಯಾಸವೂ ಆಗುತ್ತಿರಲಿಲ್ಲ. ಉಸಿರು ಮೀಸೆಯ ಮೇಲೆಯೇ ಮಂಜಾಗುವ ಚಳಿಯಲ್ಲಿ, ಮೇಲಿನ ಅಂತಸ್ತಿನ ದಂತವೈದ್ಯೆ ಡಾ. ಸೊಲಾಂಜ್ ಲವಾಲೆಯವರೂ, ಬಾಯಿ ಅರ್ಧ ಮರಗಟ್ಟಿದ ಅವರ ರೋಗಿಗಳೂ ಬೀದಿಯಲ್ಲಿ ಸಾಲಾಗಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ‘ಏನಮ್ಮಾ, ಮತ್ತೆ ಈರುಳ್ಳಿ ಸೀಯಿಸಿದ್ಯಾ?’ ಎಂದು ಥೋರ್ಲಾಕ್ಸನ್ ಎಲ್ಲರಿಗೂ ಕೇಳುವಂತೆ ವಿಚಾರಿಸುತ್ತಿದ್ದರು. ನಾನು ಆಗಿನ್ನೂ ಹಿಟ್ಟು ನಾದುತ್ತಿರುತ್ತಿದ್ದೆ. ಕಳೆದ ಚಳಿಗಾಲದಲ್ಲಂತೂ, ‘ಇನ್ನೊಂದ್ಸಲ ಗಂಟೆ ಹೊಡೀತೋ, ಮಾರ್ಚಿಗೆ ಜಾಗ ಖಾಲಿ ಮಾಡ್ಬೇಕಾಗುತ್ತೆ, ಆಮೇಲೆ ಬೇಜಾರ್ ಮಾಡ್ಕೋಬೇಡ’ ಎಂದುಬಿಟ್ಟರು. ಆ ಅಡುಗೆಮನೆಯ ಒಲೆ ನನ್ನ ತಾಯಿ ಹೂಡಿದ್ದು. ಅದನ್ನು ಬಿಟ್ಟು ಹೋಗುವುದನ್ನು ನೆನೆದು ನಾನು ಅತ್ತದ್ದುಂಟು, ಅದು ಈರುಳ್ಳಿಯಿಂದಲ್ಲ.

ಅಷ್ಟರಲ್ಲಿ ಹಳೆಯ ಪ್ಯಾನೆಲ್ ಕೆಟ್ಟು ನಿಂತಿತು, ಹೊಸದನ್ನು ಆರಿಸಲು ನಾವೆಲ್ಲ ಸಭೆ ಸೇರಿದೆವು. ಮಾರುವವನು ಎರಡು ಜಾತಿ ತೋರಿಸಿದ: ಅಂತಸ್ತು ಮಾತ್ರ ಹೇಳುವ ಅಗ್ಗದ್ದೊಂದು, ಹೊಗೆ ಹಿಡಿದ ಕೋಣೆಯನ್ನೇ ಹೆಸರು ಹಿಡಿದು ಅಕ್ಷರದಲ್ಲಿ ತೋರಿಸುವ ತಮ್ಮಂಥ ದುಬಾರಿ ಇನ್ನೊಂದು. ‘ಎರಡೂ ಕೂಗೋದು ಒಂದೇ ಥರ ತಾನೇ? ಹೆಸರು ಹೇಳ್ಸೋಕೆ ಯಾಕ್ರೀ ಅಷ್ಟು ಸುರೀಬೇಕು?’ ಎಂದು ಥೋರ್ಲಾಕ್ಸನ್ ತಕರಾರು ತೆಗೆದರು. ‘ಸುರೀರಿ ಸಾರ್, ಒಂದೇ ಸಲ ಓರೀಸ್ಯಾ ಸಿಕ್ಕಿಬೀಳ್ತಾಳೆ, ನಮಗೂ ನೆಮ್ಮದಿ’ ಎಂದರು ಲವಾಲೆ. ಎಲ್ಲರೂ ಕೈಯೆತ್ತಿದರು. ಎಲ್ಲರಿಗಿಂತ ಎತ್ತರಕ್ಕೆ ಕೈಯೆತ್ತಿದವಳು ನಾನು. ಹೀಗೆ, ಒಬ್ಬ ಹೆಂಗಸನ್ನು ಹಿಡಿದುಕೊಡುವ ಪವಿತ್ರ ಉದ್ದೇಶಕ್ಕಾಗಿ ತಮ್ಮ ನೇಮಕವಾಯಿತು.

ಈಗ ದೂರಿಗೆ ಬರುತ್ತೇನೆ. ತಮಗೆ ಹುಟ್ಟಿನಿಂದ ಯಾವ ಕೋಣೆಯ ಹೆಸರೂ ತಿಳಿದಿರುವುದಿಲ್ಲವಂತೆ. ಜೋಡಿಸಲು ಬಂದ ವೆಂಡೆಲ್ ಎಂಬಾತ ಪ್ರತಿಯೊಂದು ಕೋಣೆಯ ಮುಂದೆ ನಿಂತು ‘ಇದಕ್ಕೇನಂತ ಹಾಕ್ಲಿ?’ ಎಂದು ಕೇಳುವುದು, ಪಕ್ಕದಲ್ಲಿದ್ದವರು ಹೇಳಿದ್ದನ್ನು ಟೈಪು ಮಾಡುವುದು. ಆ ದಿನ ಪಕ್ಕದಲ್ಲಿ ಇದ್ದವರು ಥೋರ್ಲಾಕ್ಸನ್. ಸ್ವಂತ ಸಾಮಾನಿನ ಕೋಣೆಯ ಮುಂದೆ ನಿಂತು, ಕೆಮ್ಮಿ, ಅವರು ದಯಪಾಲಿಸಿದ ಹೆಸರು ‘ಪಿರೋಗಿ ಅಡುಗೆಮನೆ ಬದಿ’ ಎಂದು ನನಗೆ ಆಮೇಲೆ ತಿಳಿಯಿತು. ಅಷ್ಟೊಂದು ಬುದ್ಧಿವಂತರಾದ ತಾವು ಅದನ್ನು ಚಕಾರವೆತ್ತದೆ ನುಂಗಿದಿರಿ.

ಜನವರಿ ಏಳರಂದು, ನಮ್ಮ ಹಳೆಯ ಪಂಚಾಂಗದ ಕ್ರಿಸ್‌ಮಸ್ ದಿನ, ನಾನು ಅಂಗಡಿಗೆ ಬೀಗ ಹಾಕಿ ಚರ್ಚಿನಲ್ಲಿದ್ದೆ. ತಮಗೆ ಹಬ್ಬವಿಲ್ಲ, ಥೋರ್ಲಾಕ್ಸನ್ನರ ಕ್ರಿಸ್‌ಮಸ್ ಡಿಸೆಂಬರಿನಲ್ಲೇ ಮುಗಿದಿತ್ತು, ನನ್ನದು ಅವರ ನೆನಪಿಗೂ ಬರಲಿಲ್ಲ. ಮಧ್ಯಾಹ್ನ ತಾವು ‘ಪಿರೋಗಿ ಅಡುಗೆಮನೆ ಬದಿ’ ಎಂದು ಘಂಟಾಘೋಷವಾಗಿ ಸಾರಿದ್ದೇ ತಡ, ಅಗ್ನಿಶಾಮಕದವರು ಬಂದು ನನ್ನ ಬಾಗಿಲನ್ನು ಕೊಡಲಿಯಿಂದ ಸೀಳಿದರು. ಚರ್ಚಿನ ಮೆಟ್ಟಿಲ ಮೇಲೆ ನನಗೆ ಲವಾಲೆಯವರ ಫೋನು ಬಂತು: ‘ಓರೀಸ್ಯಾ, ಎಲ್ಲಿದ್ದೀಯೇ? ನಿನ್ನ ಬಾಗ್ಲು ಒಡೆದ್ರು ಕಣೆ! ಒಳಗೆ ಒಲೆ ತಣ್ಣಗೆ ಕೊರೀತಿದೆ! ಪಕ್ಕದ ರೂಮ್ ತೆಗೆದ್ರೆ ಸಾಹೇಬ್ರು ಸಾಕ್ಸಲ್ಲಿ ನಿಂತಿದ್ದಾರೆ, ಒಂದ್ ಕೈಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದ್ರಲ್ಲಿ ಸ್ಕೀ ಹಲಗೆ!’ ಹಿಮದ ಮೇಲೆ ಜಾರಲು ಹಲಗೆಗೆ ಮೇಣ ಕರಗಿಸಿ ತಿಕ್ಕುತ್ತಿದ್ದರಂತೆ. ಇಷ್ಟು ವರ್ಷಗಳ ನನ್ನ ಸೀದ ಈರುಳ್ಳಿಯೆಲ್ಲ ಆ ಮೇಣವೇ.

ಮಾನ್ಯರೇ, ತಾವು ಸುಳ್ಳು ಹೇಳಿದಿರೆಂದು ನಾನು ಹೇಳುವುದಿಲ್ಲ. ಹೇಳಿಕೊಟ್ಟದ್ದನ್ನು ಒಪ್ಪಿಸಿದಿರಿ, ಬೀದಿಯಲ್ಲಿ ನಿಂತ ಜನ ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಆದರೆ ತಮಗಾದರೂ ಸ್ವಲ್ಪ ನಾಚಿಕೆ ಇರಬೇಕಿತ್ತು ಎಂಬುದು ನನ್ನ ಸಿಟ್ಟು. ಆದ್ದರಿಂದ ತಾವು ಕೃಪೆಮಾಡಿ ಒಂದು ಮೂಗನ್ನು ಬೆಳೆಸಿಕೊಂಡು ಈರುಳ್ಳಿಗೂ ಮೇಣಕ್ಕೂ ಇರುವ ವ್ಯತ್ಯಾಸವನ್ನು ಅಭ್ಯಾಸ ಮಾಡಬೇಕೆಂದೂ, ಜನವರಿಯಲ್ಲಿ ಕೂಗುವ ಮೊದಲು ಎಲ್ಲರಿಗೂ ಕೋಟು ತೊಡಿಸಿ ಬೀಟ್‌ರೂಟ್ ಸೂಪು ಬಡಿಸಬೇಕೆಂದೂ, ಗೊತ್ತಿಲ್ಲದಿದ್ದಾಗ ‘ಗೊತ್ತಿಲ್ಲ’ ಎಂದು ತೋರಿಸುವ, ಈ ಕಟ್ಟಡದಲ್ಲಿ ಇನ್ನೂ ಯಾರಿಗೂ ಬಾರದ ವಿದ್ಯೆಯನ್ನು ಕಲಿಯಬೇಕೆಂದೂ ಪ್ರಾರ್ಥಿಸುತ್ತೇನೆ.

ಒಲೆ ಉಳಿಯಿತು. ಥೋರ್ಲಾಕ್ಸನ್ ನನ್ನ ಕಣ್ಣು ತಪ್ಪಿಸುತ್ತಲೇ ಹೊಸ ಕರಾರಿಗೆ ಸಹಿ ಹಾಕಿದರು, ಬಾಗಿಲನ್ನೂ ಹಾಕಿಸಿಕೊಟ್ಟರು. ಲವಾಲೆ ಬಂದು ‘ತಪ್ಪಾಯ್ತು ಕಣೆ’ ಎಂದು ಎರಡು ತಟ್ಟೆ ಪಿರೋಗಿ ತಿಂದು ಹೋದರು.

ಇಂತಿ ತಮ್ಮ ವಿಶ್ವಾಸಿ, ಮತ್ತು ಗೋಡೆಯಾಚೆಯ ನೆರೆಯವಳು,
ಓರೀಸ್ಯಾ ದಾನಿಲ್ಚುಕ್

ಮರೆತ ಮಾತು: ಥೋರ್ಲಾಕ್ಸನ್ ಈಗ ಹಲಗೆಗಳನ್ನು ಮನೆಗೆ ಒಯ್ದಿದ್ದಾರೆ. ಅಲ್ಲಿ ಗಂಟೆ ಹೊಡೆದರೆ ತಪ್ಪು ಹೊರಿಸಲು ಅವರ ಹೆಂಡತಿಯೊಬ್ಬಳೇ ಇದ್ದಾಳೆ, ಆಕೆ ನನ್ನಷ್ಟು ಸಾಧುವಲ್ಲ. ಹೆಸರು ತಿದ್ದಲು ನಿನ್ನೆ ಬಂದ ವೆಂಡೆಲ್, ಈ ಸಲ ನನ್ನ ಬಾಗಿಲ ಮುಂದೆ ನಿಂತು ನನ್ನನ್ನೇ ಕೇಳಿದ. ‘ಓರೀಸ್ಯಾ’ ಎಂದು ಹಾಕಿಸಿದ್ದೇನೆ. ನನ್ನ ಈರುಳ್ಳಿ ನಿಜವಾಗಿಯೂ ಸೀದ ದಿನ ತಾವು ಆ ಹೆಸರನ್ನು ಧಾರಾಳವಾಗಿ ಕೂಗಬಹುದು. ನಾನೂ ಬೀದಿಯಲ್ಲಿ ಎಲ್ಲರ ಸಾಲಿನಲ್ಲಿ ನಿಂತು, ಹಳೆಯ ಅಭ್ಯಾಸ ತಪ್ಪಬಾರದೆಂದು, ಥೋರ್ಲಾಕ್ಸನ್ನರನ್ನೇ ದುರುಗುಟ್ಟಿ ನೋಡುತ್ತೇನೆ.